ಹತ್ತಕ್ಕೆ ಹತ್ತು

ಬೆಲ್ ಹೊಡೆಯಲು ಇನ್ನೂ ನಾಲ್ಕು ನಿಮಿಷವಿತ್ತು. ಗಾಜಿನ ಬಾಗಿಲಾಚೆ ಹಿರಿಯ ಟೆಕ್ನೀಶಿಯನ್ ಒಂದು ಟ್ರೇ ಹಿಡಿದು ನಿಂತಿದ್ದರು. ಲ್ಯಾಬಿನಲ್ಲಿ ಎಲ್ಲರೂ ಅವರನ್ನು ಮಾವ ಎಂದೇ ಕರೆಯುತ್ತಿದ್ದರು. ಬೆಲ್ ಹೊಡೆಯುವ ತನಕ ಬಾಗಿಲು ತಟ್ಟಕೂಡದು ಎಂಬುದು ಒಳಗೆ ಕೂತಿದ್ದ ಡಾಕ್ಟರಮ್ಮನ ನಿಯಮ. ಮಾವ ಅದನ್ನು ಒಮ್ಮೆಯೂ ಮುರಿದವರಲ್ಲ, ಇವತ್ತೂ ತಟ್ಟಲಿಲ್ಲ. ಆದರೆ ಗಾಜಿಗೆ ಮೂಗು ತಾಗುವಷ್ಟು ಹತ್ತಿರ ನಿಂತಿದ್ದರು. ಕಣ್ಣಂಚಿನಲ್ಲಿ ಅವರ ನೆರಳು ಕಂಡರೂ ಅವಳು ಮೈಕ್ರೋಸ್ಕೋಪಿನಿಂದ ತಲೆ ಎತ್ತಲಿಲ್ಲ. ಎಂಟನೆಯ ಕೇಸು, ಒಂಬತ್ತನೆಯದು, ಹತ್ತನೆಯದು. ಮೇಜಿನ ಮೇಲಿನ ಪುಟ್ಟ ಗಡಿಯಾರ ಕಿಣಿಗುಟ್ಟಿತು. ನೋಟ್‌ಬುಕ್ಕಿನಲ್ಲಿ ‘10/10’ ಎಂದು ಬರೆದು, ಪಕ್ಕಕ್ಕೊಂದು ನಕ್ಷತ್ರ ಎಳೆದು, ಒಳಗೆ ಬರುವಂತೆ ಕೈಸನ್ನೆ ಮಾಡಿದಳು.

“ಹಳೇ ಕೇಸು. ಎಂಟು ತಿಂಗಳ ಹಿಂದಿನ ಬಯಾಪ್ಸಿ, ನಾಲಿಗೇದು,” ಎಂದರು ಮಾವ. “ಪೇಶೆಂಟು ಕೌಂಟರ್ ಹತ್ರ ಕೂತಿದಾರೆ. ದೊಡ್ಡಾಸ್ಪತ್ರೆಯೋರು ಹಳೇ ಸ್ಲೈಡ್ ತನ್ನಿ ಅಂದಿದಾರಂತೆ.”

“ಕೊಟ್ಬಿಡಿ. ಸಹಿ ಬೇಕಾ?”

“ಒಂದ್ಸಲ ನೋಡಿ ಕೊಡಿ.”

“ಯಾಕೆ, ನೀವು ನೋಡಿದ್ರಾ?”

ಮಾವ ಟ್ರೇಯನ್ನು ಮೇಜಿನ ಮೇಲಿಟ್ಟರು. “ನಾನು ಕೊಯ್ಯೋನು, ಓದೋನಲ್ಲ. ಆದ್ರೂ ಮೂವತ್ತು ವರ್ಷ ಕೊಯ್ದಿದೀನಿ ಡಾಕ್ಟ್ರೇ. ನೋಡಿ.”

ಅವಳಿಗೆ ಮೂವತ್ತೆರಡು. ಅಂಗಾಂಶದ ಚೂರುಗಳನ್ನು ನೋಡಿ ರೋಗ ಹೌದೋ ಅಲ್ಲವೋ ಹೇಳುವುದು ಅವಳ ಕೆಲಸ. ಬೆನ್ನ ಹಿಂದೆ ಎಲ್ಲರೂ ಅವಳನ್ನು ಗಂಟೆ ಡಾಕ್ಟರು ಎನ್ನುತ್ತಿದ್ದರು. ಅವಳಿಗೂ ಅದು ಗೊತ್ತಿತ್ತು, ಒಳಗೊಳಗೇ ಹೆಮ್ಮೆಯೂ ಇತ್ತು. ಯಾಕೆಂದರೆ ಮೂರು ವರ್ಷದ ಹಿಂದೆ ಅವಳು ಹೀಗಿರಲಿಲ್ಲ. ಇವತ್ತಿನ ಕೆಲಸ ನಾಳೆಗೆ, ನಾಳೆಯದು ನಾಡಿದ್ದಿಗೆ. ರಿಪೋರ್ಟಿಗಾಗಿ ಜನ ಹದಿನಾಲ್ಕು ಹದಿನೈದು ದಿನ ಅಲೆಯುತ್ತಿದ್ದರು. ಒಮ್ಮೆ ಒಬ್ಬ ಮುದುಕ ಕೌಂಟರಿನ ಮುಂದೆ ನೆಲಕ್ಕೆ ಕೂತು, “ಇದೆ ಅಂತಾದ್ರೂ ಹೇಳ್ರಪ್ಪಾ, ಇಲ್ಲ ಅಂತಾದ್ರೂ ಹೇಳಿ,” ಎಂದು ಅತ್ತದ್ದನ್ನು ಅವಳು ಒಳಗಿನಿಂದ ಕೇಳಿದ್ದಳು. ಆ ವಾರವೇ ಹಟ ಹಿಡಿದು ಬದಲಾದಳು. ನಾಲ್ಕೂವರೆಗೆ ಏಳುವುದು, ಇಪ್ಪತ್ತು ಪುಟ ಓದುವುದು, ನಾಳೆಯ ಮೂರು ಮುಖ್ಯ ಕೆಲಸ ಇವತ್ತೇ ಬರೆದಿಡುವುದು. ಇಪ್ಪತ್ತೈದು ನಿಮಿಷ ಕೆಲಸ, ಐದು ನಿಮಿಷ ಬಿಡುವು. ಒಂದು ಸುತ್ತಿಗೆ ಹತ್ತು ಕೇಸು. ಫೋನು ಡ್ರಾಯರಿನಲ್ಲಿ. ಗಂಡನ ಜೊತೆ ಮನೆಯ ವಿಷಯ ಮಾತಾಡಲು ಭಾನುವಾರ ಹತ್ತರಿಂದ ಹತ್ತೂವರೆ. “ನಮ್ಮನೇಲಿ ಜಗಳಕ್ಕೂ ಅಪಾಯಿಂಟ್‌ಮೆಂಟ್ ತಗೋಬೇಕು,” ಎಂದು ಅವನು ನೆಂಟರ ಮುಂದೆ ನಗುತ್ತಿದ್ದ. ರಿಪೋರ್ಟು ಎರಡೇ ದಿನಕ್ಕೆ ಕೈಸೇರತೊಡಗಿತು. ಕಿರಿಯ ಡಾಕ್ಟರುಗಳು ಅವಳ ನೋಟ್‌ಬುಕ್ಕಿನ ಫೋಟೋ ತೆಗೆದುಕೊಂಡು ಹೋಗುತ್ತಿದ್ದರು. ಆಸ್ಪತ್ರೆ ತೆರೆಯಲಿದ್ದ ಹೊಸ ಲ್ಯಾಬಿಗೆ ಅವಳೇ ಮುಖ್ಯಸ್ಥೆ ಎಂಬ ಮಾತು ಹೆಚ್ಚುಕಡಿಮೆ ಖಾಯಂ ಆಗಿತ್ತು.

ಸ್ಲೈಡಿನ ಮೇಲೆ ಮೂರು ಚೂರುಗಳಿದ್ದವು. ಅಕ್ಕಿಕಾಳಿನಷ್ಟೇ ದೊಡ್ಡವು, ಗುಲಾಬಿ-ನೇರಳೆ ಬಣ್ಣ ಹಾಕಿದವು. ಮೊದಲನೆಯದರಲ್ಲಿ ಹುಣ್ಣು, ಊತ, ಮತ್ತೇನಿಲ್ಲ. ಎರಡನೆಯದೂ ಹಾಗೇ. ಮೂರನೆಯದು ಲೇಬಲಿನ ಪಕ್ಕದಲ್ಲಿ, ಉಳಿದೆರಡಕ್ಕಿಂತ ದೂರದಲ್ಲಿ, ಗುಂಪಿಗೆ ಸೇರದ ಮಗುವಿನ ಹಾಗೆ ಕೂತಿತ್ತು. ಅವಳು ಸ್ಲೈಡನ್ನು ಅತ್ತ ಸರಿಸಿದಳು. ಲೆನ್ಸು ಬದಲಿಸಿದಳು. ಬದಲಿಸಬೇಕಾದ ಅಗತ್ಯವೇ ಇರಲಿಲ್ಲ. ಚೂರಿನ ಅಂಚಿನಲ್ಲಿ ಕೋಶಗಳು ಗೆರೆ ದಾಟಿ ಒಳಕ್ಕೆ ಇಳಿದಿದ್ದವು, ಗುಂಪು ಗುಂಪಾಗಿ. ಎರಡನೇ ವರ್ಷದ ವಿದ್ಯಾರ್ಥಿಯೂ ಗುರುತಿಸಬಹುದಾದ ಕ್ಯಾನ್ಸರ್. ಎಂಟು ತಿಂಗಳ ಹಿಂದೆ ಬರೀ ಹುಣ್ಣು ಎಂದು ರಿಪೋರ್ಟು ಬರೆದವಳು ಅವಳೇ.

ಮಾವ ಕಿಟಕಿಯ ಕಡೆ ನೋಡುತ್ತ ನಿಂತಿದ್ದರು.

ಅವಳು ಹಳೆಯ ನೋಟ್‌ಬುಕ್ ತೆಗೆದು ಆ ತಾರೀಕಿನ ಪುಟ ಹುಡುಕಿದಳು. ಅಲ್ಲಿ ಏನಾದರೂ ಸಿಕ್ಕೀತು ಎಂದು ಆಸೆಪಟ್ಟಳು. ಅವತ್ತು ಜ್ವರವಿತ್ತೇ? ನಿದ್ದೆಗೆಟ್ಟಿದ್ದಳೇ? ಗಂಡನ ಜೊತೆ ಮನಸ್ತಾಪವೇ? ಪುಟ ಅಚ್ಚುಕಟ್ಟಾಗಿತ್ತು. ನಿದ್ದೆ ಏಳು ಗಂಟೆ. ನಡಿಗೆ ಆಗಿದೆ. ಓದು ಆಗಿದೆ. ನಾಲ್ಕನೆಯ ಸುತ್ತಿನ ಎದುರು ‘10/10’, ನಕ್ಷತ್ರ. ಅದರ ಮುಂದೆ ಅವಳದೇ ದುಂಡು ಅಕ್ಷರದಲ್ಲಿ, ‘ಏಕಾಗ್ರತೆ: ಅತ್ಯುತ್ತಮ’. ಆ ಸುತ್ತಿನ ಹತ್ತನೆಯ ಕೇಸೇ ಈ ನಾಲಿಗೆ.

ವಿಭಾಗದ ಮುಖ್ಯಸ್ಥರು ಅವಳು ತಂದುಕೊಟ್ಟ ಸ್ಲೈಡನ್ನು ಅರ್ಧ ನಿಮಿಷ ನೋಡಿ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಒಳ್ಳೆಯ ಮನುಷ್ಯ. ಅವಳಿಗೆ ಕೆಲಸ ಕಲಿಸಿದವರು.

“ಬಾಗಿಲು ಹಾಕಮ್ಮ,” ಎಂದರು. “ಆಗುತ್ತೆ. ಇಷ್ಟು ವರ್ಷದಲ್ಲಿ ನಂದೂ ಎರಡು ಇವೆ, ಯಾರಿಗೂ ಗೊತ್ತಿಲ್ಲ. ಈಗ ಬ್ಲಾಕ್ ತೆಗ್ಸಿ ಇನ್ನೂ ಆಳಕ್ಕೆ ಕೊಯ್ಸು. ಅಲ್ಲೂ ಇದೇ ಕಾಣುತ್ತೆ. ‘ಆಳದ ಪದರಗಳಲ್ಲಿ ಈಗ ಕಂಡುಬಂದಿದೆ’ ಅಂತ ಒಂದು ಸಾಲು ಬರ್ದು ಹೊಸ ಸ್ಲೈಡ್ ಕೊಡು. ಸುಳ್ಳೇನಲ್ಲವಲ್ಲ.”

“ಈ ಸ್ಲೈಡು?”

“ಗಾಜು ತಾನೆ. ಹಳೇ ಗಾಜು ಒಡೆಯುತ್ತೆ, ಕಳೆಯುತ್ತೆ.” ಅವರು ಅವಳ ಮುಖ ನೋಡದೆ ಹೇಳಿದರು. “ನೀನು ಹೋದ್ರೆ ಮತ್ತೆ ಹದಿನೈದು ದಿನಕ್ಕೆ ಬರುತ್ತೆ ರಿಪೋರ್ಟು. ಅದನ್ನೂ ಯೋಚ್ನೆ ಮಾಡು. ಸಾವಿರ ಜನಕ್ಕೆ ಒಳ್ಳೇದು ಮಾಡಿದೀಯ.”

ಮಾವ ಅಂಗಾಂಶ ಹುದುಗಿಸಿಟ್ಟಿದ್ದ ಮೇಣದ ಬ್ಲಾಕ್ ಕೊಯ್ದರು. ಕಾಗದಕ್ಕಿಂತ ತೆಳ್ಳಗಿನ ಪದರವನ್ನು ಬಿಸಿನೀರಿನ ಮೇಲೆ ತೇಲಿಸಿ, ಗಾಜಿಗೆ ಹಿಡಿದು, ಬಣ್ಣ ಹಾಕಿ ಒಣಗಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. ಅವಳು ಆ ಒಂದು ಸಾಲು ಬರೆದು, ಸಹಿ ಮಾಡಿ, ಹಳೆಯ ಸ್ಲೈಡನ್ನು ಕೋಟಿನ ಜೇಬಿಗೆ ಹಾಕಿಕೊಂಡು, ಹೊಸದನ್ನು ಆ ಹಾಳೆಯ ಜೊತೆ ಲಕೋಟೆಗೆ ಹಾಕಿ ಎದ್ದಳು. ಕೌಂಟರಿನವಳ ಕೈಯಲ್ಲೇ ಕೊಟ್ಟು ಕಳಿಸಬಹುದಿತ್ತು. ಯಾಕೋ ತಾನೇ ಹೋದಳು.

ಬೆಂಚಿನ ಮೇಲೆ ಕೂತಿದ್ದಾಕೆಗೆ ನಲವತ್ತೈದರ ಆಸುಪಾಸು. ಗಟ್ಟಿ ಮೈಕಟ್ಟು, ಕುತ್ತಿಗೆಯಲ್ಲಿ ಡ್ರೈವಿಂಗ್ ಶಾಲೆಯ ಗುರುತಿನ ಚೀಟಿ. ಒಂದು ಮುಂಗೈ ಮಾತ್ರ ಇನ್ನೊಂದಕ್ಕಿಂತ ಕಪ್ಪಗಾಗಿತ್ತು. ದಿನವಿಡೀ ಕಾರಿನ ಕಿಟಕಿಗೆ ಇಟ್ಟ ಕೈ. ಬೆಳಿಗ್ಗೆಯಿಂದ ಕಾದಿದ್ದರೂ ಲಕೋಟೆ ಕಂಡು ತಟ್ಟನೆ ಎದ್ದು ನಿಂತಳು.

“ನೀವೇ ಬಂದ್ರಾ ಡಾಕ್ಟ್ರೇ! ಯಾರನ್ನಾದ್ರೂ ಕಳ್ಸಿದ್ರೆ ಆಗಿತ್ತು.” ಮಾತು ಬಾಯಲ್ಲಿ ಬಿಸಿ ತುತ್ತು ಇಟ್ಟುಕೊಂಡವರ ಹಾಗೆ ಮುದ್ದೆಮುದ್ದೆಯಾಗಿ ಬರುತ್ತಿತ್ತು. “ಅರ್ಥ ಆಗ್ತಿದ್ಯಾ ನಾನು ಹೇಳೋದು? ಬ್ರೇಕ್ ಅಂತ ಕೂಗಿದ್ರೆ ಬ್ಲೇಕ್ ಅಂತ ಬರುತ್ತೆ. ಕಲಿಯೋರು ನಗ್ತಾರೆ, ಗಾಡಿ ನಿಲ್ಸಲ್ಲ.”

ತಾನೇ ನಕ್ಕು, ನೋವಿಗೆ ದವಡೆ ಹಿಡಿದುಕೊಂಡಳು.

“ಕೂತ್ಕೊಳ್ಳಿ,” ಎಂದಳು ಅವಳು.

“ಇಲ್ಲ, ಅಣ್ಣ ಹೊರಗೆ ಕಾಯ್ತಿದಾನೆ. ತಡ ಆದ್ರೆ ಅದಕ್ಕೂ ಬೈತಾನೆ.” ಆಕೆ ಲಕೋಟೆ ತೆಗೆದುಕೊಂಡು ಚೀಲಕ್ಕೆ ಹಾಕಿಕೊಂಡಳು. “ನಿಮ್ಮನ್ನ ಏನೂ ಅನ್ನೋ ಹಾಗಿಲ್ಲ ಬಿಡಿ. ಎರಡೇ ದಿನಕ್ಕೆ ರಿಪೋರ್ಟ್ ಕೊಟ್ರಿ. ತಪ್ಪು ನಂದೇ. ಹಲ್ಲಿನ ಡಾಕ್ಟ್ರು ಹೇಳಿದ್ರು, ಹುಣ್ಣು ಮಾಯದೇ ಹೋದ್ರೆ ತಿಂಗಳಿಗೆ ಬಂದು ತೋರ್ಸಮ್ಮ ಅಂತ. ನಾನು ರಿಪೋರ್ಟ್ ನೋಡ್ಕೊಂಡು ನೆಮ್ಮದಿಯಾಗಿ ಕೂತೆ. ಏನೂ ಇಲ್ಲ ಅಂತ ಬರ್ದಿದೆಯಲ್ಲ, ಮತ್ಯಾಕೆ ಅಂತ. ಈಗ ದೊಡ್ಡಾಸ್ಪತ್ರೇಲಿ ಕ್ಯಾನ್ಸರ್ ಅಂದ್ರು. ಮನೇಲಿ ಎಲ್ರದ್ದೂ ಒಂದೇ ಮಾತು. ಅಣ್ಣ, ಅತ್ತಿಗೆ, ಕೊನೆಗೆ ನನ್ನ ಮಗಳೂ. ‘ಅಸಡ್ಡೆ ಮಾಡ್ದೆ, ನಿನ್ನ ಕೈಯಾರೆ ತಂದ್ಕೊಂಡೆ’ ಅಂತಾಳೆ. ಹದಿನಾರು ವರ್ಷದ್ದು. ಅವಳು ಹೇಳೋದ್ರಲ್ಲಿ ತಪ್ಪೇನಿದೆ, ಹೇಳಿ?”

ಅವಳು ಕೈಚಾಚಿದಳು. “ಆ ಕವರ್ ಸ್ವಲ್ಪ ಕೊಡಿ.”

“ಯಾಕೆ? ಏನಾದ್ರೂ ಬಿಟ್ಟೋಯ್ತಾ?”

“ಒಳಗೆ ಬನ್ನಿ.”

ಕೋಣೆಯಲ್ಲಿ ಆಕೆಯನ್ನು ಕೂರಿಸಿ ಅವಳು ನಿಂತೇ ಹೇಳಿದಳು. ಹೇಳಲು ಎರಡು ನಿಮಿಷವೂ ಹಿಡಿಯಲಿಲ್ಲ. ಆಕೆ ಮೊದಲು ಅರ್ಥವಾಗದವಳಂತೆ ನೋಡಿದಳು.

“ಅಂದ್ರೆ ಅವತ್ತೇ ಇತ್ತು?”

“ಇತ್ತು.”

“ನೀವು ನೋಡ್ಲಿಲ್ಲ?”

“ಮೂರು ಚೂರಲ್ಲಿ ಎರಡು ನೋಡ್ದೆ. ಮೂರನೇದು ನೋಡ್ಲಿಲ್ಲ.”

“ಯಾಕೆ?”

ಅವಳ ಬಾಯಿಗೆ ಉತ್ತರಗಳು ಬಂದವು. ಕೆಲಸದ ಒತ್ತಡ, ಕೇಸುಗಳ ರಾಶಿ, ಜನರ ಕೊರತೆ. ನೋಟ್‌ಬುಕ್ ಮೇಜಿನ ಮೇಲೆ ತೆರೆದೇ ಇತ್ತು. “ಕಾರಣ ಇಲ್ಲ,” ಎಂದಳು. “ಬೇಗ ಮುಗಿಸ್ದೆ, ಅಷ್ಟೇ.”

“ಅವತ್ತೇ ಗೊತ್ತಾಗಿದ್ರೆ?”

“ಸಣ್ಣ ಆಪರೇಷನ್‌ನಲ್ಲಿ ಮುಗೀತಿತ್ತು. ಬಹುಶಃ.”

“ಈಗ ಅರ್ಧ ತೆಗೀತಾರಂತೆ,” ಎಂದಳು ಆಕೆ. ಬೇರೆ ಯಾರದೋ ವಿಷಯ ಹೇಳುವಷ್ಟು ಮೆಲ್ಲಗೆ. ತುಸು ಹೊತ್ತು ತನ್ನ ಕಪ್ಪಗಾದ ಕೈಯನ್ನೇ ನೋಡಿಕೊಂಡಳು. ಬೈಯಲಿಲ್ಲ. ಅವಳಿಗೆ ಬೈಗುಳವಾದರೂ ಬೇಕಾಗಿತ್ತು.

“ಬರ್ದು ಕೊಡಿ,” ಎಂದಳು ಆಕೆ ಕೊನೆಗೆ.

“ಏನಂತ?”

“ಈಗ ಹೇಳಿದ್ರಲ್ಲ, ಅದೇ. ಅವತ್ತೇ ಇತ್ತು ಅಂತ. ನನ್ನ ಮಗಳಿಗೆ ಓದೋಕೆ ಬರೋ ಹಾಗೆ, ಕನ್ನಡದಲ್ಲಿ, ದಪ್ಪಕ್ಷರದಲ್ಲಿ.”

ಅವಳು ಕವರಿನಲ್ಲಿದ್ದ ಮೊದಲಿನ ಹಾಳೆಯನ್ನು ಹರಿದು, ಇನ್ನೊಂದರಲ್ಲಿ ಕೈಯಾರೆ ಬರೆದಳು. ಗಡಿಯಾರ ಬಡಿಯಿತು, ತಾನೇ ನಿಂತಿತು. ಮೊದಲ ಸ್ಲೈಡಿನಲ್ಲೇ ರೋಗ ಇತ್ತು, ನಾನು ನೋಡಲಿಲ್ಲ, ರೋಗಿಯ ಅಸಡ್ಡೆ ಇದರಲ್ಲಿ ಏನೂ ಇಲ್ಲ. ಸಹಿ, ತಾರೀಕು, ಮುದ್ರೆ.

ಆ ಒಂದು ಹಾಳೆಯಿಂದ ಆಮೇಲೆ ಏನೇನಾಗಬೇಕಿತ್ತೋ ಎಲ್ಲವೂ ಆಯಿತು. ವಿಚಾರಣೆ ಕೂತಿತು, ಆರು ತಿಂಗಳು ಅವಳು ರಿಪೋರ್ಟಿಗೆ ಸಹಿ ಹಾಕಕೂಡದೆಂದಾಯಿತು, ಹೊಸ ಲ್ಯಾಬು ಬೇರೊಬ್ಬರ ಪಾಲಾಯಿತು. ಮುಖ್ಯಸ್ಥರು ಎದುರು ಸಿಕ್ಕರೆ ಗೋಡೆ ನೋಡಿಕೊಂಡು ಹೋಗುತ್ತಿದ್ದರು. ಆ ವರ್ಷದ ಸ್ಲೈಡುಗಳನ್ನೆಲ್ಲ ಮತ್ತೆ ನೋಡಬೇಕೆಂದು ಅವಳೇ ಹಟ ಹಿಡಿದಳು. ಮಾವ ಪೆಟ್ಟಿಗೆ ಪೆಟ್ಟಿಗೆಯಾಗಿ ಇಳಿಸಿಕೊಟ್ಟರು. ಇನ್ನೂ ಎರಡು ಸಿಕ್ಕವು. ಒಂದು ಅಷ್ಟೇನೂ ಅಪಾಯದ್ದಲ್ಲ. ಇನ್ನೊಂದರ ನಂಬರಿಗೆ ಫೋನು ಮಾಡಿದಾಗ ಎತ್ತಿದವನು, “ಅವ್ರು ತೀರ್ಕೊಂಡ್ರಲ್ಲ ಮೇಡಂ,” ಎಂದ. ಹಣೆಯಲ್ಲಿ ಬರೆದದ್ದು ಎಂದು ಮನೆಯವರು ಸಮಾಧಾನ ಮಾಡಿಕೊಂಡಿದ್ದರು. ಅವರಿಗೂ ಅವಳು ಹಾಳೆ ಬರೆದು ಕಳಿಸಿದಳು. ಉತ್ತರ ಬರಲಿಲ್ಲ. ಡ್ರೈವಿಂಗ್ ಶಾಲೆಯಾಕೆಯ ನಾಲಿಗೆಯ ಎಡಭಾಗವನ್ನು ಎರಡು ವಾರದ ನಂತರ ತೆಗೆದರು. ಬದುಕಿದಳು. ಪಾಠ ಹೇಳುವ ಕೆಲಸ ಹೋಯಿತು.

ಇವೆಲ್ಲ ನಂತರದ್ದು. ಆ ಮಧ್ಯಾಹ್ನ ಆಕೆ ಹಾಳೆಯನ್ನು ಎರಡು ಸಲ ಓದಿಕೊಂಡು, ನಾಲ್ಕಾಗಿ ಮಡಿಸಿ, ಚೀಲದಲ್ಲಿಡದೆ ರವಿಕೆಯೊಳಗೆ ಇಟ್ಟುಕೊಂಡಳು. ಏಳಲು ಹೊರಟವಳು ಮತ್ತೆ ಕೂತಳು.

“ಎಲ್ಲಿದೆ ಅದು?”

ಅವಳು ಕೋಟಿನ ಜೇಬಿನಿಂದ ಸ್ಲೈಡು ತೆಗೆದಳು. ಮೈಕ್ರೋಸ್ಕೋಪಿನ ತಟ್ಟೆಯ ಮೇಲಿಟ್ಟಳು. ಮೂರನೆಯ ಚೂರನ್ನು ಬೆಳಕಿನ ನಡುವಿಗೆ ತಂದು, ಕುರ್ಚಿಯನ್ನು ಆಕೆಯ ಎತ್ತರಕ್ಕೆ ಸರಿಪಡಿಸಿ ಪಕ್ಕಕ್ಕೆ ನಿಂತಳು. ಆಕೆ ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿಕೊಂಡು ಬಗ್ಗಿದಳು.

“ಏನೂ ಕಾಣ್ತಿಲ್ಲ. ಬರೀ ಮಂಜು.”

“ಪಕ್ಕದಲ್ಲಿ ತಿರುಪು ಇದೆ. ಮೆಲ್ಲಗೆ ತಿರುಗಿಸಿ.”

ಆಕೆ ತಿರುಗಿಸಿದಳು. ಸ್ವಲ್ಪ ಹೊತ್ತಿಗೆ ಕೈ ನಿಂತಿತು.

“ಅಯ್ಯೋ, ಬಣ್ಣ ಎಷ್ಟ್ ಚೆನ್ನಾಗಿದೆ,” ಎಂದಳು.

ಹೊರಗಿನಿಂದ ಗಂಡಸಿನ ದನಿಯೊಂದು ಆಕೆಯನ್ನು ಕೂಗಿತು. ಕೌಂಟರಿನವಳು ಏನೋ ಸಮಾಧಾನ ಹೇಳಿದಳು. ದನಿ ಇನ್ನೊಮ್ಮೆ ಕೂಗಿತು, ಈ ಸಲ ಹತ್ತಿರದಿಂದ. ಆಕೆ ತಲೆ ಎತ್ತಲಿಲ್ಲ. ತಿರುಪಿನ ಮೇಲೆ ಬೆರಳಿಟ್ಟುಕೊಂಡು, ಒಂದು ಕಣ್ಣು ಮುಚ್ಚಿ, ಗಾಜಿನ ಮೇಲಿನ ಆ ಅಂಚನ್ನು ಈ ತುದಿಯಿಂದ ಆ ತುದಿಯವರೆಗೆ ನೋಡುತ್ತ ಹೋದಳು.