ಒಳಗಿನ ಕ್ಲೋರಿನ್

ಬ್ಲೀಚಿಂಗ್ ಪೌಡರಿನ ವಾಸನೆ, ಆಸ್ಪತ್ರೆಯ ಕಾರಿಡಾರನ್ನು ಆಯಾ ತೊಳೆಯುತ್ತಿದ್ದಾಳೆ, ಬೆನ್, ಪಗ್ ಊಂಚಾ ಕರೋ, ಅಕ್ಕಾ ಕಾಲೆತ್ತಿ ಅಂತಾಳೆ ಗುಜರಾತಿಯಲ್ಲಿ, ಎತ್ತಿ ಕೂರುತ್ತೇನೆ, ಈ ವಾಸನೆ ನನಗೆ ಹೊಸದಲ್ಲ, ಫತೇಗಂಜ್‌ನ ಲ್ಯಾಬಿನಲ್ಲಿ ದಿನವೂ ಇದರದೇ ಕೆಲಸ, ರಕ್ತದ ಬಿಳಿಕಣಗಳು ಕ್ರಿಮಿ ಕೊಲ್ಲಲೆಂದು ಇದೇ ಜಾತಿಯ ಕ್ಲೋರಿನ್ ಕಾರುತ್ತವೆ, ಒಳಗೆ ಆಪರೇಷನ್ ಟೇಬಲ್ಲಿನ ಮೇಲೆ ನನ್ನ ಗಂಡ, ಇವರ ಕರುಳಿನಲ್ಲಿ ಕೊಲ್ಲಬೇಕಾದ ಕ್ರಿಮಿಯೇ ಇರಲಿಲ್ಲ, ಬರೀ ಉರಿಯೂತ, ಮದುವೆಗೆ ಮುಂಚಿನದು, ಆದರೂ ಕಾರಿದವು, ವರ್ಷ ವರ್ಷ ಕಾರಿದವು, ಅದು ಡಿಎನ್‌ಎಗೆ ಅಂಟಿಕೊಳ್ಳುತ್ತದೆ, ಜೀವಕೋಶ ತನ್ನನ್ನು ನಕಲು ಮಾಡಿಕೊಳ್ಳುವಾಗ ತಪ್ಪುತ್ತದೆ, ತಪ್ಪಿನ ಮೇಲೆ ತಪ್ಪು, ಗಡ್ಡೆ — ಅಂಟುವುದನ್ನು ಟ್ಯೂಬಿನಲ್ಲಿ ಕಂಡಿದ್ದೇನೆ, ಇವರೊಳಗೆ ಕಂಡವರು ಯಾರು — ಇಷ್ಟು ಓದಿದೀಯಲ್ಲವ್ವಾ, ನನ್ನ ಮಗನ ಹೊಟ್ಟೇಲಿ ಏನಾಯ್ತು ಹೇಳು, ಅತ್ತೆ ಬೆಳಗ್ಗೆ ಕೇಳಿದರು, ಊರಲ್ಲಿ ಕಾಲರಾ ಬಂದಾಗ ಬಾವಿಗೆ ಬ್ಲೀಚಿಂಗ್ ಸುರಿದರಲ್ಲ ಅತ್ತೆ, ನೀರು ಚೊಕ್ಕವಾಗಿರಲಿ ಅಂತ ಬಿಟ್ಟಿದ್ದ ಆಮೇನೂ ಸತ್ತು ತೇಲಿತಲ್ಲ, ಹಾಗೆ, ಅತ್ತೆ ಸೆರಗು ಬಾಯಿಗೊತ್ತಿಕೊಂಡು, ಅವರು ಒಂದ್ಸಲ ಸುರಿದರು ಕಣೇ, ಇವನ ಮೈ ದಿನಾ ಸುರೀತಾ?

ದಿನಾ, ಅತ್ತೆ, ದಿನಾ — ಗಡ್ಡೆಯಿರೋ ಕರುಳು ಕತ್ತರಿಸಿ ತೆಗೀತೀವಿ, ಮಲ ಹೋಗೋಕೆ ಹೊಟ್ಟೆಗೆ ಹೊರಗಿಂದ ಚೀಲ ಕಟ್ತೀವಿ, ಬದುಕಬಹುದು, ಡಾಕ್ಟರು ನಿನ್ನೆ ಅಂದದ್ದಿಷ್ಟು, ಇವರಿಗೆ ಬದುಕಿಗಿಂತ ಚೀಲದ್ದೇ ಚಿಂತೆ, ನಿನ್ನ ಟ್ಯೂಬಿಗೆ ಬೇಕಾದ್ರೆ ಇನ್ನೊಂದು ಬಾಟ್ಲಿ ರಕ್ತ ತಗೋ ಹೇಮಾ, ಚೀಲ ಮಾತ್ರ ಬೇಡ್ವೇ, ಮಣಿನಗರದ ಶೇಠು ನನ್ನೆದುರು ಕೂತು ಇನ್ಶೂರೆನ್ಸ್ ಪಾಲಿಸಿಗೆ ಸೈನ್ ಹಾಕುವಾಗ ಅದು ಗುಳುಗುಳು ಅಂದ್ರೆ? ನಕ್ಕೆ, ಚಾದರ ಸರಿಮಾಡಿದೆ, ಇವತ್ತು ಬೆಳಗಿನಿಂದ ಈ ಬೆಂಚಿನ ಮೇಲೆ ಕೂತು ಬೇಡಿದ್ದೊಂದೇ, ದೇವರೇ, ಚೀಲ ಬರಲಿ — ಆಪರೇಷನ್ ಥಿಯೇಟರಿನ ಬಾಗಿಲು ತೆರೆಯಿತು, ಡಾಕ್ಟರು ಮಾಸ್ಕ್ ಇಳಿಸಿ, ಅತ್ತೆಗೆ ಕೇಳದಷ್ಟು ದೂರ ಕರೆದು, ಬೆನ್, ಲಿವರ್‌ವರೆಗೂ ಹಬ್ಬಿದೆ, ಏನೂ ತೆಗೆಯಲಿಲ್ಲ, ಹಾಗೇ ಹೊಲಿದುಬಿಟ್ವಿ, ನಿಮ್ಮ ಯಜಮಾನರಿಗೆ ಈಗಲೇ ಹೇಳಬೇಡಿ, ನೀವು ತಿಳಿದವರು — ತಿಳಿದವಳು, ಹೌದು, ಅತ್ತೆ ದೂರದಿಂದ ಕಣ್ಣಲ್ಲೇ ಕೇಳುತ್ತಾರೆ, ನಾನು ತಲೆಯಾಡಿಸುತ್ತೇನೆ, ಹೌದೆಂದೋ ಇಲ್ಲವೆಂದೋ ನನಗೇ ಗೊತ್ತಿಲ್ಲ, ಎಚ್ಚರ ಆಗ್ತಿದೆ ಬನ್ನಿ ಅಂತ ನರ್ಸು ಕರೆಯುತ್ತಾಳೆ, ಇವರ ಕಣ್ಣು ಅರ್ಧ ತೆರೆದಿದೆ, ಕೈ ಮಾತ್ರ ಚಾದರದ ಕೆಳಗೆ ಹುಡುಕುತ್ತಿದೆ, ಎಡಕ್ಕೆ, ಬಲಕ್ಕೆ, ಬರೀ ಬ್ಯಾಂಡೇಜು, ಮತ್ತೆ ಎಡಕ್ಕೆ, ಒಣಗಿದ ತುಟಿ ಅಗಲವಾಗುತ್ತದೆ, ಹೇಮಾ, ಚೀಲ ಇಲ್ಲ ಕಣೇ, ನನ್ನ ಕೈ ಎಳೆದುಕೊಂಡು ಅಲ್ಲಿಡುತ್ತಾರೆ, ನೋಡು, ಸಪಾಟು, ನನ್ನ ಅಂಗೈ ಕೆಳಗೆ ಹೊಟ್ಟೆ ಏರುತ್ತದೆ, ಇಳಿಯುತ್ತದೆ, ಬೆಚ್ಚಗೆ, ಸಪಾಟು, ಮೇಲೆ ಇವರ ಕೈ, ಸಪಾಟು