ಅರಳುಮರುಳು ಎಂದುಕೊಂಡಿದ್ದೆವು

ಶಾಲೆಯ ಮೇಷ್ಟ್ರು ಅರ್ಧ ಗಡ್ಡದಲ್ಲಿ ಕೂತಿದ್ದರು. ಒಂದು ಕೆನ್ನೆ ನುಣ್ಣಗಿತ್ತು, ಇನ್ನೊಂದರ ಮೇಲೆ ನೊರೆ ಒಣಗುತ್ತಿತ್ತು. ಕ್ಷೌರ ಮಾಡುತ್ತಿದ್ದ ನಮ್ಮ ಮಾವನವರು ಕತ್ತಿ ಕೆಳಗಿಟ್ಟು, ಹೊರಗೆ ಹೋಗಿ, ಗಿರಾಕಿಗಳ ಬೆಂಚಿನ ಮೇಲೆ ತಾವೂ ಕೂತುಬಿಟ್ಟಿದ್ದರು.

"ಅಜ್ಜಾ, ನನ್ನ ಇನ್ನೊಂದು ಕೆನ್ನೆ?" ಎಂದು ಮೇಷ್ಟ್ರು ಒಳಗಿಂದ ಕೂಗಿದರು.

"ಸ್ವಲ್ಪ ತಡ್ಕೊಳ್ಳಿ, ಕ್ಷೌರದವರು ಈಗ ಬರ್ತಾರೆ. ನಾನೂ ಅವರಿಗೇ ಕಾಯ್ತಿದೀನಿ" ಎಂದರು ಮಾವ.

ಬೆಂಚಿನ ಮೇಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಸಂಜೆ ಅಂಗಡಿ ಮುಚ್ಚಿ ಮನೆಗೆ ಬಂದ ನಮ್ಮ ಯಜಮಾನರೂ ಅದನ್ನು ಹೇಳಿ ನಕ್ಕರು. ನಾನೂ ನಕ್ಕೆ.

ನಮ್ಮದು ಪುಟ್ಟ ದ್ವೀಪ. ಒಂದು ಶಾಲೆ, ಒಂದು ಬೇಕರಿ, ಒಂದು ಐಸ್ ಫ್ಯಾಕ್ಟರಿ, ಒಂದೇ ಒಂದು ಕ್ಷೌರದಂಗಡಿ. ಯಾರಿಗೂ ತಲೆಬಾಗದ ಜಂಬದವರು ಕೂಡ ಇಲ್ಲಿ ನಮ್ಮ ಮಾವನ ಮುಂದೆ ತಲೆ ಬಾಗಿಸಿದವರೇ. ಊರಿಗೆಲ್ಲ ಅವರು ಕತ್ತರಿ ಅಜ್ಜ. ಯಾರ ತಲೆಗೆ ಎರಡು ಸುಳಿ, ಯಾರ ಗಡ್ಡ ಒರಟು, ಯಾರ ಮಗು ಕತ್ತರಿ ಕಂಡರೆ ಅಳುತ್ತದೆ ಎಲ್ಲ ಬಾಯಿಪಾಠ. ಅಂಥವರು ಈಚೆಗೆ ಹೇಳಿದ್ದನ್ನೇ ಹೇಳುತ್ತಿದ್ದರು. ಊಟ ಮಾಡಿ ಕೈ ತೊಳೆದವರೇ ಬಂದು "ಊಟಕ್ಕೆ ಹಾಕಮ್ಮ" ಎನ್ನುತ್ತಿದ್ದರು.

"ಅರವತ್ತಕ್ಕೆ ಅರಳುಮರುಳು ಅಂತ ಗಾದೇನೇ ಇದೆಯಲ್ಲ. ಅಪ್ಪನಿಗೆ ಎಪ್ಪತ್ತು ದಾಟಿದೆ. ಇನ್ನೇನು ಮತ್ತೆ!" ಎಂದರು ಯಜಮಾನರು.

ಆದರೆ ನಗು ಬಹಳ ಕಾಲ ಉಳಿಯಲಿಲ್ಲ. ಒಂದು ದಿನ ಮಾವನವರ ಹಳೆಯ ಕತ್ತರಿ ಕಾಣಿಸಲಿಲ್ಲ. ಅವರು ನನ್ನ ಮುಖಕ್ಕೇ "ನೀನೇ ಕದ್ದಿದ್ದೀಯ" ಎಂದರು. ಮದುವೆಯಾಗಿ ಬಂದ ದಿನದಿಂದ "ಮಗಳೇ" ಎಂದ ಬಾಯಿ ಅದು. ಕತ್ತರಿ ಹಿಟ್ಟಿನ ಡಬ್ಬಿಯಲ್ಲಿ ಸಿಕ್ಕಿತು. ಅಲ್ಲಿ ಇಟ್ಟವರು ಅವರೇ. ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತು ಅತ್ತೆ.

ಯಜಮಾನರು ದಿನಾ ಸಂಜೆ ಅಪ್ಪನನ್ನು ಎದುರಿಗೆ ಕೂರಿಸಿಕೊಂಡು ಶಾಲೆಯ ಪರೀಕ್ಷೆಯ ಹಾಗೆ ಪ್ರಶ್ನೆ ಕೇಳುವುದಕ್ಕೆ ಶುರುಮಾಡಿದರು.

"ಇವತ್ತು ಯಾವ ವಾರ ಹೇಳು. ನಾನ್ಯಾರು ಹೇಳು. ಬೆಳಿಗ್ಗೆ ಏನು ತಿಂದೆ ಹೇಳು."

ಮಾವನವರ ಮುಖ ಸಣ್ಣದಾಗುತ್ತಿತ್ತು. ಆಮೇಲೆ ಸಿಟ್ಟು ನೆತ್ತಿಗೇರುತ್ತಿತ್ತು. ತಟ್ಟೆ ನೂಕುತ್ತಿದ್ದರು.

"ಬೇಕಂತಲೇ ಮಾಡ್ತಾನೆ ಕಣೇ" ಎಂದು ಯಜಮಾನರು ನನ್ನ ಹತ್ತಿರ ಹೇಳುತ್ತಿದ್ದರು. "ಹುಡುಗನಾಗಿದ್ದಾಗ ಈಜು ಕಲಿತದ್ದೆಲ್ಲ ಅಕ್ಷರ ಬಿಡದೆ ಹೇಳ್ತಾನೆ. ಬೆಳಿಗ್ಗೆ ತಿಂದದ್ದು ನೆನಪಿಲ್ಲ ಅಂದ್ರೆ ನಂಬೋದು ಹೇಗೆ?"

ನನ್ನ ಬಾಡಿದ ಮುಖವನ್ನು ಮೊದಲು ಗಮನಿಸಿದವರು ಬೇಕರಿ ಅಕ್ಕ. ಅವರ ತಾಯಿಗೆ ಕೊನೆಯ ವರ್ಷಗಳಲ್ಲಿ ಮರೆವು ಬಂದಿತ್ತು. ಅಕ್ಕ ಒಂದು ಕೈಯಲ್ಲಿ ಒಲೆ, ಇನ್ನೊಂದರಲ್ಲಿ ತಾಯಿಯನ್ನು ನೋಡಿಕೊಂಡವರು. ಬ್ರೆಡ್ಡು ಕಟ್ಟಿಕೊಡುತ್ತಾ ಕೇಳಿದರು.

"ತಂಗೀ, ಮನೇಲಿ ಏನಾದ್ರೂ ತೊಂದ್ರೆನಾ?"

ನಾನು ಎಲ್ಲವನ್ನೂ ಹೇಳಿದೆ.

"ಇದು ಬರೀ ವಯಸ್ಸಲ್ಲಮ್ಮ. ವಯಸ್ಸಾದವರು ಕನ್ನಡಕ ಎಲ್ಲಿಟ್ಟೆ ಅಂತ ಮರೀತಾರೆ. ಜೀವಮಾನವೆಲ್ಲ ಮಾಡಿದ ಕೆಲಸವನ್ನ ಅರ್ಧಕ್ಕೇ ಬಿಟ್ಟು ಎದ್ದು ಹೋಗೋದು ಬೇರೆ. ಮೊದಲು ಡಾಕ್ಟ್ರಿಗೆ ತೋರಿಸಿ."

ಮನೆಗೆ ಬಂದು ಹೇಳಿದರೆ ಯಜಮಾನರು ರೇಗಿದರು. "ಬೇಕರಿಯವರು ಬ್ರೆಡ್ಡು ಸುಡಲಿ, ಡಾಕ್ಟರಿಕೆ ಯಾಕೆ? ತಲೆ ಕೆಟ್ಟಿದೆ ಅಂತ ಊರಿಗೆ ಡಂಗುರ ಹೊಡಿಯೋಣವಾ? ಕತ್ತಿ ಹಿಡಿಯೋ ಕೆಲಸ ನಮ್ಮದು. ನಾಳೆ ಯಾರು ನಮ್ಮ ಅಂಗಡೀಲಿ ಕತ್ತು ಕೊಟ್ಟು ಕೂರ್ತಾರೆ?"

ಅವರ ಭಯ ನನಗೂ ಅರ್ಥವಾಗುತ್ತಿತ್ತು. ಡಾಕ್ಟರ ಮಾತು ಮತ್ತೆ ಎತ್ತಲಿಲ್ಲ.

ಆಮೇಲೊಂದು ಮಧ್ಯಾಹ್ನ ಅದು ನಡೆಯಿತು. ನಾನು ಐಸ್ ಫ್ಯಾಕ್ಟರಿಯಲ್ಲಿ ಕೆಲಸಕ್ಕೆ ಹೋಗುತ್ತೇನೆ. ಪುಡಿ ಮಾಡಿದ ಐಸನ್ನು ಮೀನಿನ ದೋಣಿಗಳಿಗೆ ತುಂಬಿಕೊಡುವ ಕೆಲಸ. ನಾನಿಲ್ಲದ ಹೊತ್ತಿನಲ್ಲಿ ಮಾವ ಅಂಗಡಿಗೆ ಬಂದು ಗಿರಾಕಿಯ ಕೈಯಿಂದ ಕನ್ನಡಿ ಕಿತ್ತುಕೊಂಡರಂತೆ. ಯಜಮಾನರು ಅವರನ್ನು ಮನೆಗೆ ಎಳೆದು ತಂದು, ಹೊರಗಿನಿಂದ ಬಾಗಿಲಿಗೆ ಬೀಗ ಹಾಕಿ ಅಂಗಡಿಗೆ ಹೋದರು. ಮಾವ ಕಿಟಕಿಯ ಗಾಜು ಒಡೆದು ಹೊರಗೆ ಬಂದರು.

ಐಸ್ ಫ್ಯಾಕ್ಟರಿಯ ಬಾಗಿಲಿನಿಂದ ದೋಣಿಕಟ್ಟೆ ಕಾಣುತ್ತದೆ. ಗಲಾಟೆ ಕೇಳಿ ನಾನು ತಲೆಯೆತ್ತಿದೆ. ನೀರಿಗೆ ಇಳಿಯುವ ಪಾಚಿ ಹಿಡಿದ ಮೆಟ್ಟಿಲುಗಳ ಮೇಲೆ ಮಾವ ನಿಂತಿದ್ದರು. ಕೈಯಿಂದ ರಕ್ತ ಸೋರುತ್ತಿತ್ತು. ಮೇಲಿನಿಂದ ಜನ ಒಬ್ಬೊಬ್ಬರು ಒಂದೊಂದು ಕೂಗುತ್ತಿದ್ದರು.

"ಅಜ್ಜಾ, ಬಿದ್ದೀಯಾ!"

"ಹಿಡ್ಕೊಳ್ಳಿ ಯಾರಾದ್ರೂ!"

ಕೂಗು ಹೆಚ್ಚಾದಷ್ಟೂ ಅವರು ಹೆದರಿ ಇನ್ನೊಂದು ಮೆಟ್ಟಿಲು ಇಳಿಯುತ್ತಿದ್ದರು. ನೀರು ಮೊಣಕಾಲಿಗೆ ಬಂದಿತ್ತು. ನನ್ನ ಕೈಯಲ್ಲಿದ್ದ ಸಲಿಕೆ ಜಾರಿತು. ಓಡಿದೆ.

ಆಗ ಲಾಂಚು ಓಡಿಸುವ ಚಿಕ್ಕಪ್ಪ ಎಂಜಿನ್ ನಿಲ್ಲಿಸಿ ಕೆಳಗಿಳಿದರು. ಅವರನ್ನು ಊರೆಲ್ಲ ಲಾಂಚ್ ಚಿಕ್ಕಪ್ಪ ಎಂದೇ ಕರೆಯುತ್ತದೆ. ಅವರೂ ಮರೆವು ಬಂದ ತಮ್ಮ ಅಣ್ಣನನ್ನು ಕಡೇತನಕ ಮನೆಯಲ್ಲೇ ನೋಡಿಕೊಂಡವರು. ಮೊದಲು ಜನರ ಕಡೆ ತಿರುಗಿ ಕೈಯೆತ್ತಿ ಎಲ್ಲರ ಬಾಯಿ ಮುಚ್ಚಿಸಿದರು. ನನಗೂ ಅಲ್ಲೇ ನಿಲ್ಲು ಎಂದು ಸನ್ನೆ ಮಾಡಿದರು. ಹಿಂದಿನಿಂದ ಹೋಗಿ ಹಿಡಿಯಲಿಲ್ಲ. ಪಕ್ಕದಿಂದ ನೀರಿಗಿಳಿದು, ಮಾವನವರಿಗೆ ಮುಖ ಕಾಣುವ ಹಾಗೆ ಎದುರಿಗೆ ಬಂದು ನಿಂತರು.

"ಅಜ್ಜಾ, ನಾನು ಲಾಂಚಿನವನು. ಎಲ್ಲಿಗೆ ಹೊರಟ್ರಿ?"

"ಅವಳು ಆಚೆ ದಡದಲ್ಲಿ ಕಾಯ್ತಿದ್ದಾಳೆ. ಹೊತ್ತಾಯ್ತು."

ಅವಳು ಎಂದರೆ ನಮ್ಮತ್ತೆ. ಅತ್ತೆ ತೀರಿಕೊಂಡು ಎಷ್ಟೋ ವರ್ಷಗಳಾಗಿವೆ. ಮೇಲಿನಿಂದ ಯಾರೋ ಅದನ್ನು ಹೇಳಲು ಬಾಯಿ ತೆರೆದರು. ಚಿಕ್ಕಪ್ಪ ಕಣ್ಣಲ್ಲೇ ಗದರಿಸಿದರು.

"ಅಜ್ಜಿ ಅಂದ್ರೆ ನಿಮಗೆ ಪ್ರಾಣ, ಅಲ್ವಾ ಅಜ್ಜ?"

"ಹೌದು ಮತ್ತೆ."

"ಈ ರಕ್ತದ ಕೈ ನೋಡಿದ್ರೆ ಅವರು ಸುಮ್ಮನಿರ್ತಿದ್ರಾ? ಬನ್ನಿ, ಮೊದಲು ತೊಳ್ಕೊಳ್ಳೋಣ."

ಚಿಕ್ಕಪ್ಪ ಎಳೆಯಲಿಲ್ಲ. ಅಂಗೈ ಮೇಲೆ ಮಾಡಿ ಚಾಚಿದರು ಅಷ್ಟೆ. ಮಾವ ಆ ಕೈಯನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಹಿಡಿದುಕೊಂಡರು. ನನಗೆ ಹೋದ ಜೀವ ಬಂದ ಹಾಗಾಯಿತು.

ಬೇಕರಿ ದೋಣಿಕಟ್ಟೆಯ ಎದುರಿಗೇ ಇದೆ. ಅಕ್ಕ ಗಾಯ ತೊಳೆದು ಬಟ್ಟೆ ಕಟ್ಟಿದರು, ಬಿಸಿ ಹಾಲು ಕೊಟ್ಟರು. "ಅಜ್ಜಾ, ಈ ಟವೆಲ್ ಮಡಚಿಕೊಡ್ತೀರಾ? ನನಗೆ ನಿಮ್ಮಷ್ಟು ನೀಟಾಗಿ ಬರಲ್ಲ" ಎಂದು ಒಗೆದ ಬಟ್ಟೆಗಳ ಬುಟ್ಟಿಯನ್ನು ಮುಂದಿಟ್ಟರು. ಅಂಗಡಿಯಲ್ಲಿ ಜೀವಮಾನವೆಲ್ಲ ಟವೆಲ್ ಕೊಡವಿ ಮಡಚಿದ ಕೈಗಳು. ಅಂಚಿಗೆ ಅಂಚು ಸೇರಿಸಿ ಮಡಚತೊಡಗಿದರು. ಉಸಿರು ತಾನಾಗಿ ಶಾಂತವಾಯಿತು.

ಅಷ್ಟರಲ್ಲಿ ಯಜಮಾನರು ಏದುಸಿರು ಬಿಡುತ್ತಾ ಬಂದರು. "ಎಲ್ಲಿ ಅಪ್ಪ? ಮಾನ ಕಳೀತಾನೆ ನಂದು!"

ಅಕ್ಕ ಬಾಗಿಲಲ್ಲೇ ಅಡ್ಡ ನಿಂತರು. "ತಮ್ಮಾ, ಮೊದಲು ಒಂದು ಲೋಟ ನೀರು ಕುಡಿ. ಈ ಮುಖ ಹೊತ್ಕೊಂಡು ಒಳಗೆ ಹೋಗ್ಬೇಡ. ಅವರಿಗೆ ಮಾತು ಮರೆತು ಹೋಗುತ್ತೆ, ಮುಖ ಓದೋದು ಮರೆಯಲ್ಲ."

"ಅಕ್ಕಾ, ಹಳೇದೆಲ್ಲ ನೆನಪಿರುತ್ತಲ್ಲ ಅವನಿಗೆ? ನಾಟಕ ಅಲ್ವಾ ಇದು?"

"ಕಾಯಿಲೆ ಇರೋದೇ ಹಾಗೆ. ಬೇರೂರಿದ ಹಳೇ ನೆನಪು ಬಹಳ ದಿನ ನಿಲ್ಲುತ್ತೆ. ಹೊಸದು ಒಳಗೆ ಇಳಿಯೋದೇ ಇಲ್ಲ. ಬೆಳಿಗ್ಗೆದು ಅವರು ಮರೆತದ್ದಲ್ಲ ತಮ್ಮಾ, ಅದು ಅವರಲ್ಲಿ ಉಳಿದೇ ಇಲ್ಲ. ಕೇಳಿ ಕೇಳಿ ಪರೀಕ್ಷೆ ಮಾಡಿದ್ರೆ ಇಲ್ಲದ್ದನ್ನ ಎಲ್ಲಿಂದ ತಂದುಕೊಡ್ತಾರೆ?"

ಒದ್ದೆ ಬಟ್ಟೆಯಲ್ಲೇ ನಿಂತಿದ್ದ ಚಿಕ್ಕಪ್ಪ ಹೇಳಿದರು, "ಬೀಗ ಹಾಕಿ ಹೋಗ್ಬೇಡಪ್ಪ. ಒಳಗೆ ಬೆಂಕಿ ಬಿದ್ರೆ ಏನ್ಮಾಡ್ತೀಯ? ಒಬ್ಬನೇ ಕಾಯಬೇಕು ಅಂತ ಯಾರು ಹೇಳಿದ್ರು ನಿನಗೆ? ನಾವಿಲ್ವಾ?"

ಯಜಮಾನರು ಒಳಗೆ ಇಣುಕಿದರು. ಅಪ್ಪ ಕಟ್ಟು ಹಾಕಿದ ಕೈಯಲ್ಲಿ ಟವೆಲ್ ಮಡಚುತ್ತಿದ್ದರು. ಯಜಮಾನರು ಅಲ್ಲೇ ಹಿಟ್ಟಿನ ಮೂಟೆಯ ಮೇಲೆ ಕುಸಿದು ಕೂತು, ಮಕ್ಕಳ ಹಾಗೆ ಬಿಕ್ಕಿದರು. ಮದುವೆಯಾದ ಮೇಲೆ ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆ ವಾರವೇ ಆಚೆ ದಡದ ದೊಡ್ಡ ಆಸ್ಪತ್ರೆಗೆ ಹೋದೆವು. ಚಿಕ್ಕಪ್ಪ ಲಾಂಚಿನಲ್ಲಿ ಅಲೆ ಸಿಡಿಯದ ಜಾಗ ನೋಡಿ ಮಾವನನ್ನು ಕೂರಿಸಿದರು. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು. ಥೈರಾಯ್ಡ್ ತೊಂದರೆ, ವಿಟಮಿನ್ ಕೊರತೆ, ಮನಸ್ಸಿನ ಖಿನ್ನತೆ, ಕೆಲವು ಮಾತ್ರೆಗಳು, ಇವುಗಳಿಂದಲೂ ಮರೆವು ಬರುತ್ತದಂತೆ. ಅದಾದರೆ ಚಿಕಿತ್ಸೆ ಕೊಡಬಹುದು. ಮಾವನವರದ್ದು ಅದಲ್ಲ, ಡಿಮೆನ್ಷಿಯಾ ಎಂಬ ಮರೆವಿನ ಕಾಯಿಲೆ ಎಂದರು.

"ವಾಸಿ ಆಗುತ್ತಾ ಡಾಕ್ಟ್ರೇ?" ಎಂದರು ಯಜಮಾನರು.

"ಪೂರ್ತಿ ವಾಸಿ ಆಗಲ್ಲ. ಮಾತ್ರೆಯಿಂದ ಸ್ವಲ್ಪ ಸಹಾಯ ಆಗಬಹುದು. ಆದ್ರೆ ಇನ್ನೂ ಎಷ್ಟೋ ಒಳ್ಳೇ ದಿನ ಇವೆ ಇವರಿಗೆ. ಅದು ಮನೆಯವರ ಕೈಯಲ್ಲಿದೆ. ಮನೆಯವರ ಜೊತೆ ಊರಿನವರೂ ಕೈಜೋಡಿಸಬೇಕು."

ನಮ್ಮ ಜೊತೆ ಕೈಜೋಡಿಸುವವರು ಆಗಲೇ ಸಿಕ್ಕಿದ್ದರು. ಅಕ್ಕ ಮನೆಗೆ ಬಂದು ಕೋಣೆ ಕೋಣೆ ಸುತ್ತಿದರು. ಬಚ್ಚಲಿನ ಬಾಗಿಲಿಗೆ ದೊಡ್ಡದಾಗಿ ಬಕೆಟ್ಟಿನ ಚಿತ್ರ ಅಂಟಿಸಿದರು. ಜಾರುವ ಚಾಪೆ ಎತ್ತಿದರು. ಕತ್ತಿ, ಕತ್ತರಿ ಎಲ್ಲ ಮೇಲಿನ ಕಪಾಟಿಗೆ ಹೋದವು. ಮಾವನವರ ಕೈಗೆ ಬಾಚಣಿಗೆ ಬಂತು. ಅಂಗಿಯ ಒಳಜೇಬಿಗೆ ನಮ್ಮ ಫೋನ್ ನಂಬರಿನ ಚೀಟಿ ಹೊಲಿದೆವು. "ಒಂದು ಸಲಕ್ಕೆ ಒಂದೇ ಮಾತು ಹೇಳು ತಂಗೀ. 'ಎದ್ದು ಸ್ನಾನ ಮಾಡಿ ಬಟ್ಟೆ ಹಾಕ್ಕೊಂಡು ತಿಂಡಿಗೆ ಬನ್ನಿ' ಅಂದ್ರೆ ನನಗೇ ತಲೆ ತಿರುಗುತ್ತೆ" ಎಂದು ನಗಿಸಿದರು.

ಮಾವ ಮತ್ತೆ "ಕತ್ತರಿ ಕದ್ದೆ" ಎಂದಾಗ ನಾನು ವಾದಿಸಲಿಲ್ಲ. "ಅಯ್ಯೋ, ಕಾಣಿಸ್ತಿಲ್ವಾ ಮಾವ? ಬನ್ನಿ, ಒಟ್ಟಿಗೆ ಹುಡುಕೋಣ" ಎಂದೆ. ಹುಡುಕುತ್ತಾ ಹುಡುಕುತ್ತಾ ಅವರಿಗೆ ಸಿಟ್ಟೇ ಮರೆತುಹೋಯಿತು. ಎಲ್ಲ ದಿನವೂ ಹೀಗೆ ಸಲೀಸಲ್ಲ. ಕೆಲವು ಸಂಜೆ ಅವರು ಇದ್ದ ಮನೆಯಲ್ಲೇ "ಮನೆಗೆ ಹೋಗ್ಬೇಕು" ಎಂದು ಹಟ ಹಿಡಿಯುತ್ತಾರೆ. ಆಗ ಚಪ್ಪಲಿ ಹಾಕಿಸಿ ಒಂದು ಸುತ್ತು ನಡೆಸಿಕೊಂಡು ಬರುತ್ತೇವೆ.

ಅಕ್ಕ ನನಗೂ ಒಂದು ಔಷಧಿ ಕೊಟ್ಟರು. ವಾರಕ್ಕೊಂದು ಮಧ್ಯಾಹ್ನ ಮಾವನನ್ನು ತಾವೇ ಬೇಕರಿಗೆ ಕರೆದುಕೊಂಡು ಹೋಗುತ್ತಾರೆ. "ನೀನು ಬಿದ್ದರೆ ಅವರನ್ನ ಎತ್ತೋರು ಯಾರು? ಹೋಗು, ಮಲಗು" ಎಂದು ಗದರುತ್ತಾರೆ. ಮೊದಲ ಸಲ ನಾನು ಅವಸರವಿಲ್ಲದೆ ತಲೆಸ್ನಾನ ಮಾಡಿ, ಕೂದಲು ಹರಡಿಕೊಂಡು ಹಿತ್ತಲಲ್ಲಿ ಸುಮ್ಮನೆ ಕೂತಿದ್ದೆ. ಅಷ್ಟು ಸುಖವನ್ನು ನನಗೆ ಒಡವೆಯೂ ಕೊಟ್ಟಿರಲಿಲ್ಲ. ಬ್ರೆಡ್ಡೆಲ್ಲ ಖಾಲಿಯಾದ ಮೇಲೆ ಬೇಕರಿಯ ಹಿಂದಿನ ಕೋಣೆಯಲ್ಲಿ ನಮ್ಮಂಥ ಮನೆಗಳವರು ಸೇರುತ್ತೇವೆ. ಅಳುತ್ತೇವೆ, ಅದಕ್ಕಿಂತ ಹೆಚ್ಚು ನಗುತ್ತೇವೆ. ಅಕ್ಕನಿಗೂ ಚಿಕ್ಕಪ್ಪನಿಗೂ ನಾನು ಹೇಗೆ ಧನ್ಯವಾದ ಹೇಳಲಿ? ತಾವು ಪಟ್ಟ ಕಷ್ಟವನ್ನೆಲ್ಲ ನಮಗೆ ದಾರಿ ಮಾಡಿಕೊಟ್ಟರು.

ಅಂಗಡಿಗೆ ಗಿರಾಕಿ ತಪ್ಪಲಿಲ್ಲ. ಮಾವ ಈಗ ಅಲ್ಲಿ ಟವೆಲ್ ಮಡಚುತ್ತಾ ಕೂರುತ್ತಾರೆ. ಬಂದವರು ಮೊದಲು ತಮ್ಮ ಗುರುತು ಹೇಳಿ ಮಾತಾಡಿಸುತ್ತಾರೆ.

ಮೊನ್ನೆ ಯಜಮಾನರು ಅಪ್ಪನಿಗೆ ಗಡ್ಡ ಹೆರೆಯುತ್ತಿದ್ದರು. ನಾನು ಊಟ ತಂದವಳು ಬಾಗಿಲಲ್ಲಿ ನಿಂತೆ. ಮಾವ ಕಣ್ಣು ಮುಚ್ಚಿ ಕೂತಿದ್ದರು. ಮುಗಿದ ಮೇಲೆ ಕೆನ್ನೆ ಸವರಿಕೊಂಡು ಕನ್ನಡಿಯಲ್ಲಿ ಮಗನನ್ನು ನೋಡಿದರು.

"ಕೈ ಬಹಳ ಹಗುರ ಇದೆಯಪ್ಪ ನಿಂದು. ಯಾರ ಹತ್ರ ಕಲಿತೆ?"

ಯಜಮಾನರು ಕತ್ತಿ ಒರೆಸಿ ಕೆಳಗಿಟ್ಟರು. ನಕ್ಕರು. "ನಮ್ಮಪ್ಪನ ಹತ್ರ."

"ಒಳ್ಳೇ ಕೆಲಸಗಾರ ಇರ್ಬೇಕು."

"ಅವರಷ್ಟು ಒಳ್ಳೆಯವರು ಈ ದ್ವೀಪದಲ್ಲೇ ಇಲ್ಲ ಅಜ್ಜ" ಎಂದರು ಯಜಮಾನರು. ಮಾವನವರ ಮುಖ ಅರಳಿತು.

ಇದನ್ನು ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಮನೆಯ ಹಿರಿಯರು ಹೇಳಿದ್ದನ್ನೇ ಹೇಳುತ್ತಿದ್ದರೆ, ತಿಳಿದ ದಾರಿ ತಪ್ಪುತ್ತಿದ್ದರೆ, ಕೈಗೆ ಪಳಗಿದ ಕೆಲಸವನ್ನೇ ಮರೆಯುತ್ತಿದ್ದರೆ ಅರಳುಮರುಳು ಎಂದು ನಗಬೇಡಿ, ನಾಟಕವೆಂದು ಬೈಯಬೇಡಿ. ಡಾಕ್ಟರಿಗೆ ತೋರಿಸಿ. ನೆರೆಮನೆಯವರಿಗೆ ಹೇಳಿ, ಇದರಲ್ಲಿ ನಾಚಿಕೆ ಇಲ್ಲ. ಈ ಕಷ್ಟ ದಾಟಿ ಬಂದವರು ನಿಮ್ಮ ಬೀದಿಯಲ್ಲೂ ಇರುತ್ತಾರೆ, ಅವರ ಬಾಗಿಲು ತಟ್ಟಿ. ನೀವೇ ದಾಟಿ ಬಂದವರಾದರೆ, ದಯವಿಟ್ಟು, ಬಾಡಿದ ಮುಖವೊಂದು ಕಂಡಾಗ ನೀವಾಗಿಯೇ ಕೇಳಿ: "ಮನೇಲಿ ಏನಾದ್ರೂ ತೊಂದ್ರೆನಾ?" ಆ ಒಂದು ಮಾತು ನಮ್ಮ ಮನೆಯನ್ನು ಉಳಿಸಿತು.