ಎಡಗಡೆಯ ಕಾಲಿಂಚು

ನನ್ನದು ಸ್ವಲ್ಪ ಬಾಯಿ ಜೋರು. ಇಪ್ಪತ್ತೆರಡು ವರ್ಷದಿಂದ ಮಂಡೆಕೋಲಿನ ನಮ್ಮ ಮನೆಯ ಚಾವಡಿಯಲ್ಲಿ ಮೆಷಿನ್ ಇಟ್ಟುಕೊಂಡು ರವಿಕೆ ಹೊಲಿಯುತ್ತಿದ್ದೇನೆ. ಬಟ್ಟೆ ಕೊಡಲು ಬಂದ ಹೆಂಗಸರು ನಾಲ್ಕು ಮಾತು ಕೇಳಿಸಿಕೊಳ್ಳದೆ ಮೆಟ್ಟಿಲು ಇಳಿದದ್ದಿಲ್ಲ. ಸುಳ್ಯದಲ್ಲಿ ಬೇಕಾದಷ್ಟು ಟೈಲರುಗಳಿದ್ದರೂ ಅವರೆಲ್ಲ ನನ್ನ ಮಾತು ಕೇಳಲಿಕ್ಕೇ ಇಲ್ಲಿಗೆ ಬರುತ್ತಾರೆ ಎಂದು ನನಗೆ ಒಳಗೊಳಗೇ ಜಂಬ ಇತ್ತು. ಆ ಜಂಬದ ಕಥೆಯೇ ಇದು.

ನಮ್ಮ ಕಡೆ ಹೆಂಗಸರು ಮೈ ಅಳತೆ ಕೊಡುವುದು ಮದುವೆಯ ರವಿಕೆಗೆ ಒಮ್ಮೆ, ಅಷ್ಟೆ. ಆಮೇಲೆ ಎಲ್ಲವೂ ಅಳತೆ ರವಿಕೆಯಲ್ಲಿ. ಮೈಗೆ ಸರಿಯಾಗಿ ಕೂರುವ ಒಂದು ಹಳೆಯ ರವಿಕೆಯನ್ನು ಹೊಸ ಬಟ್ಟೆಯೊಳಗೆ ಸುತ್ತಿ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಹಾಕಿ ತರುತ್ತಾರೆ. ಅದನ್ನು ನೋಡಿ ನಾನು ಕತ್ತರಿಸುತ್ತೇನೆ. ಮುಂದೆ ದಪ್ಪ ಆದರೆ ಬಿಡಿಸಲು ಬೇಕೆಂದು ಎರಡೂ ಬದಿಯ ಹೊಲಿಗೆಯೊಳಗೆ ಒಂದೊಂದು ಇಂಚು ಬಟ್ಟೆ ಬಿಟ್ಟಿರುತ್ತೇನೆ. ಯಾರದ್ದು, ಎಷ್ಟು ಬಿಡಿಸಬೇಕು ಎಂದು ಒಂದು ಪುಸ್ತಕದಲ್ಲಿ ತಾರೀಖು ಸಮೇತ ಬರೆದಿಡುತ್ತೇನೆ. ಬರೆಯದಿದ್ದರೆ ಒಬ್ಬರದ್ದು ಇನ್ನೊಬ್ಬರ ಕೈಗೆ ಹೋಗಿ ರಾಮಾಯಣ ಆಗುತ್ತದೆ.

ಈಶ್ವರಿ ನಮ್ಮ ಮೇಲಿನ ಮನೆಯ ಜತ್ತಪ್ಪನ ಹೆಂಡತಿ. ನನಗಿಂತ ಎಂಟು ವರ್ಷ ಸಣ್ಣವಳು. ಬೆಳಿಗ್ಗೆ ಎದ್ದು ಗುಡ್ಡದ ಆಚೆಯ ರಬ್ಬರ್ ತೋಟಕ್ಕೆ ಟ್ಯಾಪಿಂಗಿಗೆ ಹೋಗುವವಳು. ಹತ್ತು ಮಾತು ಆಡಬೇಕಾದಲ್ಲಿ ಎರಡು ಆಡಿ ಸುಮ್ಮನಾಗುವ ಜಾತಿ. ಕಳೆದ ವರ್ಷ ಆಗಸ್ಟಿನಲ್ಲಿ ಒಂದು ದಿನ, ದಿನಾ ಹಾಕುವ ರವಿಕೆಯೊಂದನ್ನು ಹಿಡಿದುಕೊಂಡು ಬಂದಳು.

"ಕಮಲಾಕ್ಷಿಯಕ್ಕ, ಎಡದ ಕಂಕುಳದ ಹತ್ರ ಬಿಗಿ ಆಗ್ತದೆ. ಒಂಚೂರು ಬಿಡಿಸಿ ಕೊಡ್ತೀರಾ?"

"ಬಲದ್ದು?"

"ಬಲದ್ದು ಸರಿ ಉಂಟು."

'ಈಶ್ವರಿ, ಎಡ, ಕಾಲಿಂಚು' ಎಂದು ಬರೆದುಕೊಂಡೆ. ಕತ್ತಿ ಹಿಡಿದು ಮರ ಕೆತ್ತುವ ಕೈ ಅಲ್ಲವೇ, ರಟ್ಟೆ ದಪ್ಪ ಆಗಿರಬೇಕು ಎಂದುಕೊಂಡೆ. ಅವಳು ಬಲಗೈಯವಳು ಎಂಬುದು ಆಗ ಹೊಳೆಯಲೇ ಇಲ್ಲ. ದೀಪಾವಳಿ ಕಳೆದು ಅದೇ ರವಿಕೆ, ಅದೇ ಎಡಗಡೆ, ಪುನಃ ಕಾಲಿಂಚು. ಜನವರಿಯ ಮೊದಲ ವಾರ ಅರ್ಧ ಇಂಚು. ಅಲ್ಲಿಗೆ ಆ ಬದಿಯಲ್ಲಿ ನಾನು ಬಿಟ್ಟಿದ್ದ ಬಟ್ಟೆ ಎಲ್ಲ ಮುಗಿದಿತ್ತು.

ಮನುಷ್ಯರು ಒಂದೇ ಬದಿಗೆ ದಪ್ಪ ಆಗುವುದಿಲ್ಲ. ಇದು ಟೈಲರಿಗೆ ಗೊತ್ತಿಲ್ಲದ ವಿಷಯವೇ? ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಹೊಲಿಗೆ ಬಿಚ್ಚಿ, ಇಸ್ತ್ರಿ ಹಾಕಿ, ಮಡಚಿ ಕೊಟ್ಟೆ. ಮೆಷಿನಿನ ಎದುರು ಕೂತರೆ ನನಗೆ ಬಟ್ಟೆ ಮಾತ್ರ ಕಾಣುತ್ತದೆ, ಅದರೊಳಗಿನ ಜನ ಕಾಣುವುದಿಲ್ಲ.

ಅದೇ ಜನವರಿಯ ಕೊನೆಗೆ ನಮ್ಮ ಸ್ವಸಹಾಯ ಸಂಘದವರು ಬಸ್ಸು ಮಾಡಿ ಮೂರು ದಿನದ ಪ್ರವಾಸ ಹೊರಟೆವು. ಬಾದಾಮಿ, ಐಹೊಳೆ, ಕೂಡಲಸಂಗಮ ಎಂದು ದೊಡ್ಡ ಪಟ್ಟಿಯೇ ಇತ್ತು. ನನಗೆ ಬೇಕಾದದ್ದು ಒಂದೇ, ಗುಳೇದಗುಡ್ಡದ ಖಣ. ಎಲ್ಲಿಗೆ ಹೋದರೂ ದೇವರಿಗೆ ಕೈ ಮುಗಿದು ಮುಗಿಯುವ ಮೊದಲೇ ನನ್ನ ಕಣ್ಣು ಬಟ್ಟೆ ಅಂಗಡಿ ಹುಡುಕುತ್ತದೆ. ಪುತ್ತೂರಿನ ಅಂಗಡಿಗಳಲ್ಲಿ ಸಿಗುವ ರವಿಕೆ ಬಟ್ಟೆಯೆಲ್ಲ ನನಗೆ ಬಾಯಿಪಾಠ. ಖಣವನ್ನು ಮಾತ್ರ ನೇಯುವ ಊರಿನಲ್ಲೇ, ಕೈಯಲ್ಲಿ ಮುಟ್ಟಿ ನೋಡಿ ತರಬೇಕು ಎಂದು ಎಷ್ಟೋ ವರ್ಷದ ಆಸೆ. ಗುಂಡ್ಯದಲ್ಲಿ ಚಹಾಕ್ಕೆ ಇಳಿದಾಗಲೇ ಡ್ರೈವರಿಗೆ ಹೇಳಿಟ್ಟೆ, ಬಾದಾಮಿಯ ಗುಹೆ ಒಂದು ಕಡಿಮೆ ಆದರೂ ಅಡ್ಡಿಯಿಲ್ಲ, ಬಟ್ಟೆ ಅಂಗಡಿಗೆ ಎರಡು ಗಂಟೆ ಕೊಡಲೇಬೇಕು ಎಂದು.

ಬಾದಾಮಿಯ ಲಾಡ್ಜಿನಲ್ಲಿ ನನಗೂ ಈಶ್ವರಿಗೂ ಒಂದೇ ರೂಮು. ಬೆಳಿಗ್ಗೆ ನಾನು ಸೆರಗಿಗೆ ಪಿನ್ನು ಹಾಕುತ್ತಿದ್ದೆ. ಅವಳು ಸ್ನಾನ ಮುಗಿಸಿ ಬಂದು, ಸೀರೆಯನ್ನು ಭುಜಕ್ಕೆ ಸುತ್ತಿಕೊಂಡು, ಮಂಚದ ತುದಿಯಲ್ಲಿ ಕೂತಳು.

"ಅಕ್ಕ, ನಿಮಗೆ ಒಂದು ತೋರಿಸ್ಲಿಕ್ಕುಂಟು."

"ಆಮೇಲೆ ತೋರಿಸು ಮಾರಾಯ್ತಿ. ಬಸ್ಸಿನವ ಹಾರ್ನ್ ಹಾಕ್ಲಿಕ್ಕೆ ಶುರು ಮಾಡಿದ," ಎಂದು ನಾನು ಚೀಲ ಹಿಡಿದು ಹೊರಟೇಬಿಟ್ಟೆ. ಬಸ್ಸು ಹೊರಟದ್ದು ಅದಾಗಿ ಮುಕ್ಕಾಲು ಗಂಟೆಯ ನಂತರ.

ಗುಳೇದಗುಡ್ಡದ ಅಂಗಡಿಯಲ್ಲಿ ನಾವು ಹದಿನೆಂಟು ಹೆಂಗಸರು ಚಾಪೆ ತುಂಬ ಕೂತಿದ್ದೆವು. ಅಂಗಡಿಯವನು ಒಂದರ ಮೇಲೊಂದು ಖಣ ಬಿಚ್ಚಿ ಹಾಕುತ್ತಿದ್ದ. ಕೆಂಪು, ನೇರಳೆ, ಗಿಳಿಹಸಿರು. ನನಗೆ ಸ್ವರ್ಗ ಮೂರೇ ಗೇಣು. ಯಾರಿಗೆ ಯಾವ ಬಣ್ಣ, ಯಾರಿಗೆ ಎಷ್ಟು ಬಟ್ಟೆ ಎಂದು ನಾನೇ ಯಜಮಾನಿಕೆ ಮಾಡುತ್ತಿದ್ದೆ. ಈಶ್ವರಿ ಒಂದು ನೇರಳೆ ಖಣ ಹಿಡಿದುಕೊಂಡು ನನ್ನ ಪಕ್ಕಕ್ಕೆ ಸರಿದು ಮೆಲ್ಲ ಕೇಳಿದಳು.

"ನನಗೆ ಸ್ವಲ್ಪ ಜಾಸ್ತಿ ತೆಗೀಲಿಕ್ಕಾ ಅಕ್ಕ? ಎಡದ್ದು ಪುನಃ ಬಿಗಿ ಆಗಿಯುಂಟು."

ಆ ಹೊತ್ತಿಗೆ ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ನನಗೆ ಅಷ್ಟೇ ಸಾಕು.

"ಎಂತದು ಮಾರಾಯ್ತಿ, ನೀನು ಉಂಡದ್ದು ಎಲ್ಲ ಎಡಕ್ಕೇ ಹೋಗುದಾ? ಬಲದ್ದು ಉಪವಾಸವಾ?"

ಉಳಿದವರೆಲ್ಲ ಗೊಳ್ಳೆಂದು ನಕ್ಕರು, ನಾನೂ ನಕ್ಕೆ. ಅಂಗಡಿಯವನಿಗೂ ನಗು ತಡೆಯಲಾಗಲಿಲ್ಲ. ಈಶ್ವರಿಗೆ ಕಾಲು ಮೀಟರ್ ಹೆಚ್ಚು ತೆಗೆಸಿಕೊಟ್ಟೆ. ಊರು ಮುಟ್ಟುವವರೆಗೆ ಬಸ್ಸಿನಲ್ಲಿ ಅದೇ ತಮಾಷೆ. ಊಟಕ್ಕೆ ನಿಲ್ಲಿಸಿದಲ್ಲೆಲ್ಲ ಯಾರಾದರೂ ಒಬ್ಬರು "ಈಶ್ವರಕ್ಕನ ಎಡಕ್ಕೆ ಬೇರೆ ಎಲೆ ಹಾಕಿ" ಎನ್ನುತ್ತಿದ್ದರು.

ಅದಾದ ಮೇಲೆ ಅವಳು ನನ್ನ ಮೆಟ್ಟಿಲು ಹತ್ತಲಿಲ್ಲ. ಖಣವನ್ನೂ ಹೊಲಿಯಲು ಕೊಡಲಿಲ್ಲ. ದಾರಿಯಲ್ಲಿ ಸಿಕ್ಕರೆ ನೈಟಿಯ ಮೇಲೊಂದು ಶಾಲು ಹೊದ್ದುಕೊಂಡು, ಕೆಲಸ ಉಂಟು ಎಂದು ಹೋಗಿಬಿಡುತ್ತಿದ್ದಳು. ಒಂದು ತಮಾಷೆಗೆ ಇಷ್ಟು ಸಿಟ್ಟಾ ಎಂದು ನನಗೂ ಸಿಟ್ಟು ಬಂತು. ಬೇಕಾದರೆ ಬರಲಿ, ನನಗೇನು ಗಿರಾಕಿ ಇಲ್ಲವೇ ಎಂದು ನಾನೂ ಬಿಗಿದುಕೊಂಡೆ.

ಮೇ ತಿಂಗಳಲ್ಲಿ ಅವಳ ಮಗಳು ಮೋಕ್ಷಿತಾ ಫೋನ್ ಮಾಡಿದಳು. ಮಂಗಳೂರಿನ ಆಸ್ಪತ್ರೆಯಿಂದ.

"ದೊಡ್ಡಮ್ಮ, ಅಮ್ಮನಿಗೆ ಎದೆಯಲ್ಲಿ ಗಂಟು. ಕ್ಯಾನ್ಸರ್ ಅಂತ ಹೇಳಿದ್ರು. ಕಂಕುಳಕ್ಕೂ ಹೋಗಿದೆಯಂತೆ. ಎಷ್ಟು ಸಮಯ ಆಯ್ತು ಅಂತ ಡಾಕ್ಟ್ರು ಕೇಳ್ತಿದ್ದಾರೆ. ಅಮ್ಮನಿಗೆ ಸರಿ ನೆನಪಿಲ್ಲ. ಕಮಲಾಕ್ಷಿಯಕ್ಕನ ಪುಸ್ತಕದಲ್ಲಿ ಇರ್ತದೆ, ಕೇಳು ಅಂತಾರೆ."

ನಾನು ಪುಸ್ತಕ ತೆಗೆದೆ. ಒಂದೆರಡು ತಿಂಗಳು ಕಡಿಮೆ ಹೇಳಿಬಿಡಲೇ ಎಂಬ ಹಲ್ಕಾ ಯೋಚನೆಯೂ ಬಂತು, ಸುಳ್ಳು ಹೇಳುವುದಿಲ್ಲ. ಆದರೆ ಅದು ಡಾಕ್ಟರಿಗೆ ಬೇಕಾದ ಲೆಕ್ಕ. ಓದಿದೆ.

"ಆಗಸ್ಟ್ ಹನ್ನೊಂದು, ಕಾಲಿಂಚು. ನವೆಂಬರ್ ಎರಡು, ಕಾಲಿಂಚು. ಜನವರಿ ಆರು, ಅರ್ಧ."

ಆಚೆಯಿಂದ ಮೋಕ್ಷಿತಾ ಯಾರಿಗೋ ಅದನ್ನು ಹಾಗೆಯೇ ಒಪ್ಪಿಸಿದಳು. ಮತ್ತೆ ಫೋನಿಗೆ ಬಂದು, "ಒಂಬತ್ತು ತಿಂಗಳಿಂದ ನಿಮಗೆ ಗೊತ್ತುಂಟಾ ದೊಡ್ಡಮ್ಮ?" ಎಂದಳು. ಬೈದದ್ದಲ್ಲ, ಕೇಳಿದ್ದು. ಬೈದಿದ್ದರೆ ಒಳ್ಳೆಯದಿತ್ತು.

ಈಗ ಆಪರೇಷನ್ ಮಾಡಿ ಪ್ರಯೋಜನವಿಲ್ಲ, ಎಲುಬಿಗೂ ಇಳಿದಿದೆ ಎಂದರಂತೆ. ಮದ್ದು ಕೊಟ್ಟು ಹದಿನೈದು ದಿನಕ್ಕೊಮ್ಮೆ ಬರಲು ಹೇಳಿ ಕಳಿಸಿದರು. ಅವಳು ಮನೆಗೆ ಬಂದು ನಾಲ್ಕು ದಿನವಾದರೂ ನನಗೆ ಆ ಏರು ಹತ್ತಲು ಕಾಲು ಬರಲಿಲ್ಲ. ಐದನೆಯ ದಿನ ಮಧ್ಯಾಹ್ನ ಹೋದೆ. ಈಶ್ವರಿ ಮಂಚದಲ್ಲಿ ದಿಂಬಿಗೆ ಒರಗಿ ಕೂತಿದ್ದಳು. ಎಡಗೈ ಊದಿ ಬೇರೆ ಯಾರದ್ದೋ ಕೈಯ ಹಾಗೆ ಮಡಿಲಲ್ಲಿ ಬಿದ್ದಿತ್ತು. ತಲೆಗೆ ಬೈರಾಸು ಬಟ್ಟೆ ಸುತ್ತಿಕೊಂಡಿದ್ದಳು. ನನ್ನನ್ನು ನೋಡಿ, "ಕುಳಿತುಕೊಳ್ಳಿ ಅಕ್ಕ, ಆಸರಿಗೆ ಎಂತ ಕುಡೀತೀರಿ?" ಎಂದು ಕೇಳಿದಳು. ನನಗೆ ತಡೆಯಲಾಗಲಿಲ್ಲ.

"ನನ್ನದು ತಪ್ಪಾಯ್ತು ಈಶ್ವರಿ. ಅಷ್ಟು ಜನರ ಎದುರು ನಿನ್ನನ್ನು ತಮಾಷೆ ಮಾಡಿದೆ. ಆ ನಾಚಿಕೆಗೆ ನೀನು ಯಾರ ಹತ್ರವೂ ಹೇಳ್ಲಿಲ್ಲ. ನನ್ನ ಈ ಬಾಯಿ ಬಿದ್ದು ಹೋಗ್ಲಿ."

ಅವಳಿಗೆ ನಾನು ಹೇಳಿದ್ದು ಅರ್ಥವಾದ ಹಾಗೆ ಕಾಣಲಿಲ್ಲ.

"ನಾಚಿಕೆಯಾ? ಇಲ್ಲಪ್ಪ. ನನಗೆ ಇದ್ದದ್ದು ಹೆದರಿಕೆ," ಎಂದಳು. "ಮೀಯುವಾಗ ಕೈಗೆ ಗಂಟು ಸಿಕ್ತಿತ್ತು. ಇವರ ಹತ್ರ ಹೇಳ್ಲಿಕ್ಕೆ ಬಾಯಿ ಬರ್ಲಿಲ್ಲ. ನೀವು ಎಷ್ಟೋ ಹೆಂಗಸರ ಮೈ ಬಲ್ಲವರು, ನೋಡಿದ್ರೆ ನಿಮಗೆ ಗೊತ್ತಾದೀತು ಅಂತ ಪ್ರತಿ ಸಲ ರವಿಕೆ ತರ್ತಾ ಇದ್ದದ್ದು. ಇಲ್ಲದಿದ್ರೆ ಒಂದು ಹೊಲಿಗೆ ಬಿಚ್ಚಿ ಹಾಕ್ಲಿಕ್ಕೆ ನನಗೆ ಬರುದಿಲ್ವಾ ಅಕ್ಕ? ಸೂಜಿ ನೂಲು ನಮ್ಮಲ್ಲಿ ಕೂಡ ಉಂಟಲ್ಲ."

ನಾನು ಅವಳ ಮುಖ ನೋಡಲಾಗದೆ ನೆಲ ನೋಡುತ್ತಿದ್ದೆ. ಅವಳು ಸರಿಯಿದ್ದ ಕೈಯನ್ನು ಚಾಚಿ ನನ್ನ ಕೈ ಹಿಡಿದುಕೊಂಡಳು.

"ಅವತ್ತು ಅಂಗಡಿಯಲ್ಲಿ ನೀವು ನೆಗಾಡಿದ್ರಿ ನೋಡಿ. ನೀವೇ ನೆಗಾಡಿದ ಮೇಲೆ ಎಂತ ಇರ್ಲಿಕ್ಕಿಲ್ಲ ಅಂತ ಧೈರ್ಯ ಬಂತು. ಆಮೇಲೆ ಸುಮ್ಮನೆ ನಿಮಗೆ ಉಪದ್ರ ಕೊಡುದು ಬೇಡ ಅಂತ ಬರ್ಲಿಲ್ಲ. ಎಷ್ಟೋ ತಿಂಗಳ ಮೇಲೆ ಆ ದಿನ ಬಸ್ಸಲ್ಲಿ ನನಗೆ ಲಾಯ್ಕ ನಿದ್ದೆ ಬಂತು ಅಕ್ಕ."

ನನ್ನನ್ನು ಸಮಾಧಾನ ಮಾಡಲಿಕ್ಕೆಂದೇ ಅವಳು ಅದನ್ನು ಹೇಳಿದ್ದು.